ಭಟ್ಕಳದ ಇಂಗ್ಲಿಷರ ಗೋರಿಗಳು ಮತ್ತು ಆ ನಾಯಿಯ ಕಥೆ

ಪ್ರಶ್ನೆ: ಮಾಸ್ತರರೇ, ನಮಸ್ಕಾರ. ನಾನು ಭಟ್ಕಳ ತಾಲ್ಲೂಕಿನವಳು, ಬಿ.ಎ. ಓದುತ್ತಿದ್ದೇನೆ. ನಮ್ಮೂರಿನಲ್ಲಿ ಇಂಗ್ಲಿಷರ ಬಹಳ ಹಳೆಯ ಗೋರಿಗಳಿವೆ ಎಂದು ಕೇಳಿದ್ದೇನೆ. ಅವರ ಬುಲ್‌ಡಾಗ್ ನಾಯಿ ದೇವಸ್ಥಾನದ ಹಸುವನ್ನು ಕೊಂದಿತಂತೆ. ಸಿಟ್ಟಿಗೆದ್ದ ಊರವರು 18 ಜನ ಇಂಗ್ಲಿಷರನ್ನು ಕೊಂದು ಹಾಕಿದರಂತೆ. ಅವರದ್ದೇ ಆ ಗೋರಿಗಳಂತೆ. ಕಾಲೇಜಿನ ಪ್ರಾಜೆಕ್ಟಿಗೆ ಇದನ್ನೇ ಬರೆಯೋಣ ಅಂದುಕೊಂಡಿದ್ದೇನೆ. ಇದು ನಿಜವೇ?

ಉತ್ತರ: ತಂಗೀ, ಗೋರಿಗಳು ನಿಜ. ಆದರೆ ನಾಯಿಯ ಕಥೆಗೂ ಅವಕ್ಕೂ ಸಂಬಂಧವಿಲ್ಲ. ಪ್ರಾಜೆಕ್ಟಿನ ಒಂದು ಸಾಲನ್ನೂ ಬರೆಯುವ ಮೊದಲೇ ನೀನು ಕೇಳಿದ್ದು ಒಳ್ಳೆಯದಾಯಿತು.

ಈ ಕಥೆಯನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಮನೆ ಹೊನ್ನಾವರದ ಕಡೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೇಳಿದ್ದಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕಾಯುವಾಗ ಹಿರಿಯರು ಹೇಳಿದ್ದಾರೆ, ನಾನು ಪಾಠ ಮಾಡುವಾಗ ಹುಡುಗರೂ ಹೇಳಿದ್ದಾರೆ. ಹೇಳಿದವರಲ್ಲಿ ಒಬ್ಬರಾದರೂ ಗೋರಿಯ ಮೇಲೆ ಏನು ಬರೆದಿದೆ ಅಂತ ಹೇಳಲಿಲ್ಲ. ಹಾಗಾಗಿ ನಾವು ಕಲ್ಲಿನಿಂದಲೇ ಶುರು ಮಾಡೋಣ.

ದಾಖಲಾಗಿರುವುದು ಮೂರು ಕಲ್ಲುಗಳು. ಒಂದರ ಮೇಲೆ ಜಾರ್ಜ್ ವೈ ಎಂಬ ವ್ಯಾಪಾರಿಯ ಹೆಸರಿದೆ. ತೀರಿಕೊಂಡದ್ದು 1637ರ ಮಾರ್ಚ್ 31. ಇನ್ನೊಂದರ ಮೇಲೆ ಆಂಟನಿ ವರ್ನ್‌ವರ್ದಿ. ಅವನೂ ವ್ಯಾಪಾರಿ. ತೀರಿಕೊಂಡದ್ದು 1637ರ ಏಪ್ರಿಲ್ 1, ಅಂದರೆ ಮಾರನೇ ದಿನ. ಮೂರನೆಯದು ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯನದು, 1638ರ ನವೆಂಬರ್ 30. ಬರಹ ಇಷ್ಟೇ: ಹೆಸರು, ಕಸುಬು, ದಿನ. ನಾಯಿ ಇಲ್ಲ, ಹಸು ಇಲ್ಲ, ಕೊಲೆಯ ಮಾತಿಲ್ಲ.

ಹಾಗಾದರೆ ನಾಯಿ ಎಲ್ಲಿಂದ ಬಂತು? ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ಹಡಗಿನ ಕಪ್ತಾನನಿಂದ. ಅವನು 1688ರಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಕಡೆಯ ಸಮುದ್ರಗಳಲ್ಲಿ ವ್ಯಾಪಾರ ಮಾಡಿದವನು. ಊರಿಗೆ ಮರಳಿ 1727ರಲ್ಲಿ ಎಡಿನ್‌ಬರೋದಲ್ಲಿ ತನ್ನ ಅನುಭವಗಳನ್ನು ಅಚ್ಚು ಹಾಕಿಸಿದ. ಭಟ್ಕಳದ ಬಗ್ಗೆ ಬರೆಯುವಾಗ ಅವನು ಹೇಳುವುದು ಹೀಗೆ. 1670ರಲ್ಲಿ ಅಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮನೆ, ಒಂದಿತ್ತು. ಸರಕು ತುಂಬಿಸಲು ಬಂದ ಹಡಗಿನ ಕಪ್ತಾನ ಕೋಠಿಯ ಮುಖ್ಯಸ್ಥನಿಗೆ ಒಂದು ಬುಲ್‌ಡಾಗ್ ಕೊಟ್ಟ. ಕೋಠಿಯ 18 ಜನ ನಾಯಿಯನ್ನು ಕರೆದುಕೊಂಡು ಬೇಟೆಗೆ ಹೊರಟರು. ಪೇಟೆಯಲ್ಲಿ ಹಾದು ಹೋಗುವಾಗ ನಾಯಿ ದೇವರಿಗೆ ಬಿಟ್ಟ ಹಸುವಿನ ಮೇಲೆ ಬಿದ್ದು ಕೊಂದಿತು. ಅರ್ಚಕರು ಜನರನ್ನು ಎಬ್ಬಿಸಿದರು, ಎಲ್ಲರೂ ಸತ್ತರು. ಇಂಗ್ಲಿಷರಿಗೆ ಬೇಕಾದ ಕೆಲವು ಊರವರು ದೊಡ್ಡ ಗುಂಡಿ ತೋಡಿ ಎಲ್ಲರನ್ನೂ ಒಟ್ಟಿಗೆ ಹೂಳಿದರು. ಕಾರವಾರದ ಕೋಠಿಯ ಮುಖ್ಯಸ್ಥ ಒಂದು ಕಲ್ಲು ಕಳಿಸಿದ. ಅದರ ಮೇಲೆ ಜಾನ್ ಬೆಸ್ಟ್ ಮತ್ತು ಇನ್ನು 17 ಇಂಗ್ಲಿಷರು ಇಲ್ಲಿ ಮಲಗಿದ್ದಾರೆ, ಹುಚ್ಚೆದ್ದ ಅರ್ಚಕರಿಗೂ ರೊಚ್ಚಿಗೆದ್ದ ಜನರಿಗೂ ಬಲಿಯಾದವರು ಅಂತ ಬರೆದಿತ್ತಂತೆ.

ಈಗ ಎರಡನ್ನೂ ಎದುರುಬದುರು ಇಡು. ಹ್ಯಾಮಿಲ್ಟನ್ ಹೇಳುವುದು ಒಂದೇ ಗೋರಿ, 18 ಜನ, ಜಾನ್ ಬೆಸ್ಟ್ ಎಂಬ ಹೆಸರು, 1670. ಕಲ್ಲು ಹೇಳುವುದು ಮೂರು ಗೋರಿ, ಮೂರು ಬೇರೆ ಹೆಸರು, ಮೂರು ಬೇರೆ ದಿನ, ಅದೂ 30 ವರ್ಷಕ್ಕಿಂತ ಹಿಂದೆ. ಒಂದೇ ದಿನ ಗುಂಪಿನ ಕೈಯಲ್ಲಿ ಸತ್ತವರಿಗೆ ಹೀಗೆ ಬೇರೆ ಬೇರೆ ತಾರೀಖು ಇರುವುದಿಲ್ಲ. ಹ್ಯಾಮಿಲ್ಟನ್ ಈ ಸಮುದ್ರಕ್ಕೆ ಬಂದದ್ದೇ ಅವನು ಹೇಳುವ ಘಟನೆ ಆಗಿ 18 ವರ್ಷಕ್ಕೆ, ಅದು ಅಚ್ಚಾದದ್ದು 57 ವರ್ಷಕ್ಕೆ. ಅಂದರೆ ಅವನು ಬರೆದದ್ದು ಕೇಳಿದ ಮಾತು. 18 ಜನ ಇಂಗ್ಲಿಷರು ಒಂದೇ ದಿನ ಕೊಲೆಯಾಗಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಸೂರತ್ತಿನ ಕೋಠಿಯಿಂದ ಲಂಡನ್ನಿಗೆ ಕಾಗದಗಳ ಮೇಲೆ ಕಾಗದ ಹೋಗದೆ ಇರುತ್ತಿತ್ತೇ? ಕಂಪನಿಯ ಆ ಕಾಲದ ಪತ್ರಗಳು ಸಂಪುಟಗಳಾಗಿ ಅಚ್ಚಾಗಿವೆ. ಹ್ಯಾಮಿಲ್ಟನ್‌ನ ಮಾತನ್ನು ಒಪ್ಪುವವರು ಮೊದಲು ಆ ಪತ್ರಗಳಲ್ಲಿ ಒಂದು ಸಾಲನ್ನು ತೋರಿಸಲಿ ಎಂಬುದು ನನ್ನ ಮಾತು.

ಆಮೇಲೆ ಆದದ್ದು ಇಷ್ಟು. ಹ್ಯಾಮಿಲ್ಟನ್‌ನ ಬರಹದಲ್ಲಿ ಭಟ್ಕಳದ ಇಂಗ್ಲಿಷರ ಗೋರಿ ಇತ್ತು, ಭಟ್ಕಳದಲ್ಲೂ ಇಂಗ್ಲಿಷರ ಗೋರಿಗಳಿದ್ದವು. ಜನ ಎರಡನ್ನೂ ಸೇರಿಸಿದರು. ಕಲ್ಲಿನ ಮೇಲಿನ ಹೆಸರುಗಳು ಮರೆತುಹೋದವು, ನಾಯಿ ಉಳಿಯಿತು.

ಆ ಮೂವರು ಯಾರು, ಮೆಣಸಿನ ಕಾಲದ ಭಟ್ಕಳಕ್ಕೆ ಯಾಕೆ ಬಂದರು ಅನ್ನುವುದು ನನಗೆ ಇನ್ನೂ ಹೆಚ್ಚು ಮುಖ್ಯ. ನಿನ್ನ ಪ್ರಾಜೆಕ್ಟಿಗೆ ತಿರುಳು ಇರುವುದೂ ಅಲ್ಲೇ.

ಇವರು ನಮಗೆಲ್ಲ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದರ ಎದುರಾಳಿಗಳು. 1635ರ ಕೊನೆಗೆ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್ ಸರ್ ವಿಲಿಯಂ ಕೋರ್ಟೀನ್ ಎಂಬ ದೊಡ್ಡ ವ್ಯಾಪಾರಿಯ ಕೂಟಕ್ಕೆ ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು ಅಪ್ಪಣೆ ಕೊಟ್ಟ. ಕಂಪನಿಗೆ ಇದು ನುಂಗಲಾರದ ತುತ್ತು. ಹಡಗುಗಳು 1636ರ ಏಪ್ರಿಲ್‌ನಲ್ಲಿ ಹೊರಟವು, ಮುಂದಾಳು ಕಪ್ತಾನ ಜಾನ್ ವೆಡೆಲ್. ಇವರಿಗೆ ಬೇಕಾದದ್ದು ನಮ್ಮ ಮಲೆನಾಡಿನ ಕರಿಮೆಣಸು. ಮೆಣಸು ಇದ್ದದ್ದು ಕೆಳದಿಯ ಅರಸರ ಕೈಯಲ್ಲಿ. ಆಗ ಆಳುತ್ತಿದ್ದವನು ವೀರಭದ್ರ ನಾಯಕ, ರಾಜಧಾನಿ ಇಕ್ಕೇರಿ. ಕರಾವಳಿಯಲ್ಲಿ ಮೆಣಸು ಕೊಳ್ಳುವವರು ಪೋರ್ಚುಗೀಸರು. ಮಾರುವವನಿಗೆ ಇನ್ನೊಬ್ಬ ಗಿರಾಕಿ ಬಂದರೆ ಬೇಡ ಅನ್ನುತ್ತಾನೆಯೇ? 1637ರ ಶುರುವಿನಲ್ಲಿ ಇಂಗ್ಲಿಷರು ಭಟ್ಕಳದಲ್ಲಿ ಇಳಿದರು, ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ನಾಯಕನನ್ನು ಕಂಡರು, ಕೋಠಿ ಹಾಕಿದರು.

ಇದೆಲ್ಲ ನಮಗೆ ಗೊತ್ತಿರುವುದು ಮುಖ್ಯವಾಗಿ ಪೀಟರ್ ಮಂಡಿ ಎಂಬವನಿಂದ. ಕಾರ್ನ್‌ವಾಲ್ ಕಡೆಯವನು, ಅದೇ ಹಡಗುಗಳಲ್ಲಿ ಬಂದವನು. ಕಂಡದ್ದನ್ನೆಲ್ಲ ಬರೆದಿಡುವ, ಚಿತ್ರ ಬಿಡಿಸುವ ಅಭ್ಯಾಸ ಅವನಿಗಿತ್ತು. ಇಕ್ಕೇರಿಗೂ ಹೋಗಿದ್ದ. ಅವನ ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿದೆ, 20ನೇ ಶತಮಾನದಲ್ಲಿ ಅಚ್ಚಾಗಿದೆ. ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಈಗ ನಮಗೆ ಕಾಣುವುದು ಹೆಚ್ಚಾಗಿ ಅಘೋರೇಶ್ವರ ದೇವಸ್ಥಾನ ಮಾತ್ರ. ಅದು ರಾಜಧಾನಿಯಾಗಿ ತುಂಬಿ ತುಳುಕುತ್ತಿದ್ದಾಗ ಕಣ್ಣಾರೆ ಕಂಡು ಬರೆದ ಹೊರಗಿನವರು ಬೆರಳೆಣಿಕೆಯಷ್ಟು. 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಒಬ್ಬ. ಅವನು ಅಲ್ಲಿ ಹೆಣ್ಣುಮಕ್ಕಳ ಕೋಲಾಟ ನೋಡಿ ಬರೆದಿದ್ದಾನೆ. ಅವನ ನಂತರ ಮಂಡಿ. ನಿನ್ನ ಊರಿನ ಗೋರಿಗಳ ಹಿಂದೆ ಅಂಥದ್ದೊಂದು ಕಾಲ ಇದೆ.

ಹಡಗುಗಳು ಭಟ್ಕಳದಲ್ಲಿ ಕೆಲವರನ್ನು ಬಿಟ್ಟು ಅದೇ ವರ್ಷ ಚೀನಾದ ಕಡೆ ಹೊರಟವು. ಹಿಂದೆ ಉಳಿದವರ ಪೈಕಿ ಇಬ್ಬರು ವ್ಯಾಪಾರಿಗಳು ಮಾರ್ಚ್ ಕೊನೆಯ ದಿನ ಒಬ್ಬ, ಏಪ್ರಿಲ್ ಮೊದಲ ದಿನ ಒಬ್ಬ ಎಂಬಂತೆ ಹೋದರು. ನಮ್ಮ ಕರಾವಳಿಯ ಮಾರ್ಚ್, ಏಪ್ರಿಲ್ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿದ್ದು ಬಂದ ಮೈ, ಹೊಸ ನೀರು, ಆ ಧಗೆ. ಒಂದೇ ಕಾಯಿಲೆ ಇಬ್ಬರನ್ನೂ ತೆಗೆದುಕೊಂಡು ಹೋಗಿರಬೇಕು ಎಂದು ನಾನು ಊಹಿಸುತ್ತೇನೆ. ನಿನ್ನ ಪ್ರಾಜೆಕ್ಟಿನಲ್ಲೂ ಇದನ್ನು ಊಹೆ ಅಂತಲೇ ಬರೆ. ಒಂದೂವರೆ ವರ್ಷದ ಮೇಲೆ, 1638ರ ನವೆಂಬರ್‌ನಲ್ಲಿ, ವೈದ್ಯನೂ ಹೋದ. ಅಂದರೆ ಅಲ್ಲಿಯವರೆಗೂ ಇಂಗ್ಲಿಷರು ಭಟ್ಕಳದಲ್ಲಿದ್ದರು, ಸತ್ತವನಿಗೆ ಹೆಸರು ಕೆತ್ತಿಸಿ ಕಲ್ಲು ಹಾಕುವಷ್ಟು ನೆಮ್ಮದಿಯಲ್ಲಿದ್ದರು. ಇನ್ನು ವೆಡೆಲ್ ತನ್ನ ಊರು ಸೇರಲೇ ಇಲ್ಲ. ಮರಳುವಾಗ ಅವನ ಹಡಗು ಸಮುದ್ರದಲ್ಲೇ ಕಾಣೆಯಾಯಿತು. ಅವನಿಗೆ ಗೋರಿಯೂ ಇಲ್ಲ.

ತಾರೀಖಿನ ವಿಷಯ ಒಂದು ಹೇಳಬೇಕು, ಇದು ನನಗೆ ಬಹಳ ಇಷ್ಟವಾದ ಸಂಗತಿ. ಆ ಕಾಲದ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಜಾರ್ಜ್ ವೈ ತೀರಿಕೊಂಡದ್ದು ಹೊಸ ವರ್ಷ ಹುಟ್ಟಿ ಇನ್ನೂ ಒಂದು ವಾರ. ಹತ್ತು ದಿನ ಮುಂಚೆ ಹೋಗಿದ್ದರೆ ಕಲ್ಲಿನ ಮೇಲೆ 1636 ಅಂತ ಇರುತ್ತಿತ್ತು, ನಾವು ಒಂದು ವರ್ಷ ತಪ್ಪು ಎಣಿಸುತ್ತಿದ್ದೆವು. ಇನ್ನೊಂದು. ಗೋವಾದ ಪೋರ್ಚುಗೀಸರು ಆಗಲೇ ಹೊಸ ಕ್ಯಾಲೆಂಡರಿಗೆ ಬದಲಾಗಿದ್ದರು. ಇಂಗ್ಲಿಷರು ಬದಲಾಗಿರಲಿಲ್ಲ. ಭಟ್ಕಳದ ಕೋಠಿಯಲ್ಲಿ ಮಾರ್ಚ್ 31 ಆಗಿದ್ದ ದಿನ ಗೋವಾದಲ್ಲಿ ಏಪ್ರಿಲ್ 10. ಪೋರ್ಚುಗೀಸ್ ಕಾಗದಗಳ ಜೊತೆ ಹೋಲಿಸುವಾಗ ಈ ಹತ್ತು ದಿನ ಮರೆಯಬೇಡ.

ಇಷ್ಟು ಉದ್ದ ಬರೆಯಲು ಕಾರಣವಿದೆ. ನಾಯಿಯ ಕಥೆ ಬರೀ ಕಥೆಯಲ್ಲ, ಅದು ಒಂದು ಊರಿನ ಮೇಲೆ ಹೊರಿಸಿದ ಕೊಲೆಯ ಆರೋಪ. ನಿನ್ನ ಊರಿನ ಹಿಂದಿನವರು 18 ಜನರನ್ನು ಬಡಿದು ಕೊಂದರು ಅಂತ ಅದು ಹೇಳುತ್ತದೆ. ಹಸು, ದೇವಸ್ಥಾನ, ಗುಂಪು, ಕೊಲೆ ಎಂಬ ಮಾತುಗಳನ್ನು ನಮ್ಮ ಕಡೆ ಹಗುರವಾಗಿ ಆಡಬಾರದು ಅಂತ ನಿನಗೂ ಗೊತ್ತು. ಸಾಕ್ಷಿ ಏನು ಹೇಳುತ್ತದೆ ನೋಡು. ಹೊರಗಿನಿಂದ ಬಂದವರು ತಮ್ಮ ಸತ್ತವರನ್ನು ಭಟ್ಕಳದ ಮಣ್ಣಿನಲ್ಲಿ ಹೂತರು. ಕೋಠಿ ಮುಚ್ಚಿತು, ಅವರ ಕೂಟವೂ ಮುಳುಗಿತು, ಗೋರಿ ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ಆದರೂ 1883ರಲ್ಲಿ ಬಾಂಬೆ ಪ್ರಾಂತ್ಯದವರು ಕೆನರಾ ಜಿಲ್ಲೆಯ ಗೆಜೆಟಿಯರ್ ಹೊರತಂದಾಗ ಆ ಅಕ್ಷರಗಳನ್ನು ಬರೆದುಕೊಳ್ಳಲು ಸಾಧ್ಯವಾಯಿತು. ಸುಮಾರು 250 ವರ್ಷ ಊರವರು ಆ ಕಲ್ಲುಗಳನ್ನು ಒಡೆಯಲಿಲ್ಲ. ಚಪ್ಪಡಿ ಕಲ್ಲು ಬಾವಿಕಟ್ಟೆಗೆ, ಮೆಟ್ಟಿಲಿಗೆ ಎಷ್ಟು ಬೇಗ ಹೋಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಭಟ್ಕಳದವರ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲಿ.

ಪ್ರಾಜೆಕ್ಟಿನಲ್ಲಿ ನಾಯಿಯ ಕಥೆಯನ್ನು ಬಿಟ್ಟುಬಿಡು ಅನ್ನುತ್ತಿಲ್ಲ. ಹ್ಯಾಮಿಲ್ಟನ್ ಏನು ಬರೆದ ಅಂತ ಬರೆ, ಯಾವಾಗ ಬರೆದ ಅಂತ ಬರೆ. ಆದರೆ ಅದಕ್ಕೆ ಮೊದಲು ಮೂರು ಹೆಸರು ಬರಲಿ. ಖೇತಪೈ ನಾರಾಯಣ ದೇವಸ್ಥಾನದ ಕೆತ್ತನೆ, ಜಟ್ಟಪ್ಪ ನಾಯಕನ ಬಸದಿ ನೋಡಲು ಬರುವ ನಿನ್ನ ಸ್ನೇಹಿತರಿಗೂ ಈ ಹೆಸರುಗಳನ್ನು ಹೇಳು. ಮನೆಯಲ್ಲಿ, ಪೇಟೆಯಲ್ಲಿ ಹಿರಿಯರು ಕಥೆಯನ್ನು ಯಾವ ರೀತಿ ಹೇಳುತ್ತಾರೆ ಎಂಬುದನ್ನೂ ಬರೆದುಕೋ. ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಅಂತ ಕೇಳು. ಓದಿದವರಿಂದ ಬಂತೋ, ಮನೆಯಲ್ಲಿ ಬಾಯಿಂದ ಬಾಯಿಗೆ ಬಂತೋ ಅನ್ನುವುದು ಆಗ ತಿಳಿಯುತ್ತದೆ. ಈ ಕೆಲಸವನ್ನು ಊರಿನ ಹುಡುಗಿಯಾದ ನೀನು ಮಾಡಬಲ್ಲೆ, ಹೊರಗಿನ ಸಂಶೋಧಕರಿಗೆ ಅಷ್ಟು ಸುಲಭವಲ್ಲ.

ಪ್ರಶ್ನೆ: ನಮ್ಮ ಊರಿನ ಹಳೆಯ ಸ್ಮಶಾನದಲ್ಲಿ ಒಂದು ಗೋರಿಯ ಕಲ್ಲು ಪೂರ್ತಿ ಹಾವಸೆ ಕಟ್ಟಿದೆ. ಇಂಗ್ಲಿಷ್ ಅಕ್ಷರ ಇರುವುದು ಗೊತ್ತಾಗುತ್ತದೆ, ಓದಲು ಆಗುವುದಿಲ್ಲ. ಆಸಿಡ್ ಹಾಕಿ ತೊಳೆದರೆ ಕಾಣಬಹುದು ಎಂದು ಒಬ್ಬರು ಹೇಳಿದರು. ಮಾಡಬಹುದೇ? (ಶಿರಸಿಯ ಒಬ್ಬ ಓದುಗರು)

ಉತ್ತರ: ದಯವಿಟ್ಟು ಬೇಡ. ಆಸಿಡ್ ಬೇಡ, ಬ್ಲೀಚಿಂಗ್ ಪುಡಿ ಬೇಡ, ತಂತಿ ಬ್ರಷ್ ಬೇಡ. ಹಾವಸೆಯ ಜೊತೆ ಅಕ್ಷರದ ಅಂಚೂ ಹೋಗುತ್ತದೆ, ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅಕ್ಷರದ ಗೆರೆಗೆ ಸೀಮೆಸುಣ್ಣ ತುಂಬುವುದನ್ನೂ ನಾನು ಒಪ್ಪುವುದಿಲ್ಲ. ಹಾಗೆ ತುಂಬುವವರು ತಮಗೆ ತೋಚಿದ ಅಕ್ಷರವನ್ನೇ ತುಂಬುತ್ತಾರೆ. ಮುಂದೆ ಫೋಟೋ ನೋಡಿದವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಓದಿಸುವುದು ಬೆಳಕು. ಮಧ್ಯಾಹ್ನದ ಬಿಸಿಲಿನಲ್ಲಿ ಯಾವ ಶಾಸನವೂ ಸರಿಯಾಗಿ ಕಾಣದು. ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಬಿಸಿಲು ಕಲ್ಲಿನ ಮೇಲೆ ಅಡ್ಡವಾಗಿ ಬೀಳಬೇಕು, ಆಗ ಪ್ರತಿ ಗೆರೆಯೂ ನೆರಳು ಹಾಕುತ್ತದೆ. ಮರದ ನೆರಳಲ್ಲಿದ್ದರೆ ಒಂದು ದೊಡ್ಡ ಕನ್ನಡಿ ತನ್ನಿ, ದೂರದ ಬಿಸಿಲನ್ನು ಅದರಿಂದ ಕಲ್ಲಿನ ಮೇಲೆ ಓರೆಯಾಗಿ ಬಿಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಹಿಡಿದು ಬೇರೆ ಬೇರೆ ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ತೊಳೆಯಲೇಬೇಕಾದರೆ ಬರೀ ನೀರು, ಮೆತ್ತನೆಯ ಬ್ರಷ್, ನಿಧಾನ ಕೈ. ಅದಕ್ಕೂ ಮೊದಲು ಸ್ಮಶಾನ ಯಾರ ವಶದಲ್ಲಿದೆಯೋ ಅವರನ್ನು ಕೇಳಿ. ಚರ್ಚಿನದಾದರೆ ಪಾದ್ರಿಗಳನ್ನು, ಪುರಾತತ್ವ ಇಲಾಖೆಯದಾದರೆ ಇಲಾಖೆಯನ್ನು. ಚಿರೇಕಲ್ಲಾದರೆ ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಯೋಚನೆಯೇ ಬೇಡ, ಅದರ ತೂತುಗಳು ಮಸಿಯನ್ನು ಕುಡಿದುಬಿಡುತ್ತವೆ.

ಬರೆದುಕೊಳ್ಳುವಾಗ ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ನಿಮ್ಮ ಕಾಗದದಲ್ಲೂ ಅಲ್ಲೇ ಮುರಿಯಿರಿ. ಕಾಣದ ಅಕ್ಷರಕ್ಕೆ ಚುಕ್ಕಿ ಇಡಿ. ಸವೆದ 3 ಮತ್ತು 8, 1 ಮತ್ತು 7 ಒಂದೇ ಥರ ಕಾಣುತ್ತವೆ, ಅನುಮಾನ ಇದ್ದರೆ ಎರಡನ್ನೂ ಬರೆಯಿರಿ. 1800ಕ್ಕಿಂತ ಹಳೆಯ ಕಲ್ಲಾದರೆ ಎಸ್ ಅಕ್ಷರ ಎಷ್ಟೋ ಕಡೆ ಎಫ್ ಥರ ಉದ್ದಕ್ಕೆ ಇರುತ್ತದೆ, ಯು ಇರಬೇಕಾದಲ್ಲಿ ವಿ ಇರಬಹುದು. ಫೋಟೋಗಳನ್ನು ನಮಗೂ ಕಳಿಸಿ, ಕೂತು ಓದೋಣ.

ಪ್ರಶ್ನೆ: ನಮ್ಮ ತಾಯಿಯ ಮುತ್ತಜ್ಜ ಇಂಗ್ಲಿಷರ ಕಾಲದಲ್ಲಿ ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. 1870ರ ಸುಮಾರಿಗೆ ಅಲ್ಲೇ ತೀರಿಕೊಂಡರು, ಕ್ರೈಸ್ತರು. ಗೋರಿ ಹುಡುಕಲು ಎಲ್ಲಿಂದ ಶುರು ಮಾಡಲಿ? (ಬೆಂಗಳೂರಿನ ಒಬ್ಬ ಓದುಗರು)

ಉತ್ತರ: ಮೊದಲು ಅವರು ಯಾವ ಚರ್ಚಿಗೆ ಸೇರಿದವರು ಎಂದು ಮನೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕ್ಯಾಥೊಲಿಕ್ ಆಗಿದ್ದರೆ ಆಯಾ ಊರಿನ ಇಗರ್ಜಿಯ ಮರಣ ದಾಖಲೆ ಪುಸ್ತಕ ನೋಡಬೇಕು. ನಮ್ಮ ಕರಾವಳಿಯಲ್ಲಿ ಗೋವಾ ಕಡೆಯ ಪಾದ್ರಿಗಳಿದ್ದ ಕಡೆ ಅದು ಪೋರ್ಚುಗೀಸ್ ಅಥವಾ ಲ್ಯಾಟಿನ್‌ನಲ್ಲಿ ಇರಬಹುದು. ಹೆದರಬೇಡಿ, ಒಂದೇ ಅಚ್ಚಿನ ಸಾಲುಗಳು, ಒಂದೆರಡು ಪುಟ ಓದಿದರೆ ಕೈ ಹಿಡಿಯುತ್ತದೆ. ಬಾಸೆಲ್ ಮಿಶನ್ನಿನವರಾಗಿದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಕೇಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಶನ್ನಿನ ಮೂಲ ಕಾಗದಗಳಿವೆ.

ಇಂಗ್ಲಿಷರ ಚರ್ಚಿನವರಾಗಿದ್ದರೆ ದಾರಿ ಇನ್ನೂ ಸುಲಭ. ಆ ಚರ್ಚುಗಳು ಜ್ಞಾನಸ್ನಾನ, ಮದುವೆ, ಹೂಳಿದ ದಾಖಲೆಗಳ ಪ್ರತಿಗಳನ್ನು ಪ್ರಾಂತ್ಯದ ಮುಖ್ಯ ಕೇಂದ್ರದ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಪ್ರಾಂತ್ಯಕ್ಕೊಂದು ಸರಣಿ ಗುರುತು ಇದೆ: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬಾಂಬೆ. ಎಷ್ಟೋ ಜನ ಎಡವುವುದು ಇಲ್ಲಿ. ಕಾರವಾರ ಅಂದರೆ ಬಾಂಬೆ ಅಂತ ಎಲ್ಲ ವರ್ಷಕ್ಕೂ ಬಾಂಬೆಯನ್ನೇ ಹುಡುಕುತ್ತಾರೆ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಬಾಂಬೆಗೆ ಹೋಯಿತು. ನಿಮ್ಮ ಹಿರಿಯರು 1870ರ ಸುಮಾರಿಗೆ ತೀರಿಕೊಂಡಿದ್ದರೆ ಮರಣಕ್ಕೆ ಎನ್/3 ನೋಡಿ. ಅವರ ಮದುವೆ 1862ಕ್ಕೆ ಮೊದಲೇ ಆಗಿದ್ದರೆ ಅದಕ್ಕೆ ಎನ್/2. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಮಾಹಿತಿ ಕೂಡಿಸುವ ಫಿಬಿಸ್ ಎಂಬ ಸಂಘದ ಜಾಲತಾಣದಲ್ಲಿ ಹೆಸರು ಹಾಕಿ ದುಡ್ಡಿಲ್ಲದೆ ಹುಡುಕಬಹುದು. ಮನೆತನದ ಹೆಸರನ್ನು ನಾಲ್ಕೈದು ಬಗೆಯ ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿ.

ಹೂಳಿದ ದಿನವೂ ಚರ್ಚಿನ ಹೆಸರೂ ಸಿಕ್ಕ ಮೇಲೆಯೇ ಕಾರವಾರಕ್ಕೆ ಹೋಗಿ. ಮಳೆಗಾಲ ಬೇಡ. ಜನವರಿ, ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿರುತ್ತದೆ, ಆಗ ಕಲ್ಲುಗಳು ಕಾಣುತ್ತವೆ.